ಕೆರೆಗೆ ಬಿಡುವ ನೀರಿಗೂ ಕರಾರು ಬೇಕು

ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡಿ ಕಾರ್ಖಾನೆಗೂ ಕೃಷಿಗೂ ಕೊಡೋಣ, ಅದಕ್ಕೆ ಖಾಸಗಿಯವರು ಬಂಡವಾಳ ಹಾಕಲಿ ಎಂಬ ಮಾತು ಕೇಳಿಬರುತ್ತಿದೆ. ದುಡ್ಡಿರೋರು ಹಾಕಲಿ ಬಿಡಿ, ನಮಗೇನು ನಷ್ಟ ಅಂತ ನಮ್ಮಲ್ಲೂ ಹೇಳುವವರಿದ್ದಾರೆ. ನನಗೂ ಖಾಸಗಿಯವರ ಮೇಲೆ ದ್ವೇಷವಿಲ್ಲ. ಆದರೆ ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆಯನ್ನು ರೈತ ಮರೆಯಬಾರದು.

ನಮ್ಮ ಕೋಲಾರವನ್ನೇ ನೋಡಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವುದೆಂದಾಯಿತು. ಹಾಕಿದ್ದು ಸರಕಾರದ ದುಡ್ಡು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮರು ತಿಂಗಳೇ ನೊರೆ ಕಂಡು ಗಲಾಟೆಯಾಯಿತು. ಹೈಕೋರ್ಟು, ಸುಪ್ರೀಂ ಕೋರ್ಟು ಎಲ್ಲ ಆಗಿ 2019ರಲ್ಲಿ ಮತ್ತೆ ಹರಿಯಿತು. ಒಣಗಿದ್ದ ಬೋರುಗಳಲ್ಲಿ ನೀರು ಬಂದದ್ದು ನಿಜ, ಸುಳ್ಳು ಹೇಳಲಾರೆ. ಆದರೆ ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ನಾವು ಕೇಳುತ್ತಲೇ ಬಂದಿದ್ದೇವೆ.

ಈಗ ಚೆನ್ನೈ ನೋಡಿ. ಅಲ್ಲಿ ಕೊಡುಂಗೈಯೂರು, ಕೊಯಂಬೇಡುಗಳಲ್ಲಿ ತಲಾ ನಾಲ್ಕೂವರೆ ಕೋಟಿ ಲೀಟರಿನ ಘಟಕಗಳಿವೆ. ಕೊಳಚೆಯನ್ನು ಆರ್.ಓ.ವರೆಗೆ ಸೋಸುತ್ತಾರೆ. ಆ ನೀರು ಹೋಗುವುದು ಕಾರ್ಖಾನೆಗಳಿಗೆ. ನಾಗಪುರದ ಭಾಂಡೇವಾಡಿಯಲ್ಲಿ ಖಾಸಗಿ ಕಂಪೆನಿ ಬಂಡವಾಳ ಹಾಕಿ 20 ಕೋಟಿ ಲೀಟರಿನ ಘಟಕ ನಡೆಸುತ್ತಿದೆ. ಆ ನೀರು ವಿದ್ಯುತ್ ಸ್ಥಾವರಗಳಿಗೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ಕಾರ್ಖಾನೆಗೆ ವರ್ಷದ 12 ತಿಂಗಳೂ ನೀರು ಬೇಕು, ತಿಂಗಳು ತಿಂಗಳು ಬಿಲ್ಲು ಕಟ್ಟುತ್ತದೆ. ನೀರು ಕೆಟ್ಟರೆ ಕರಾರು ತೋರಿಸಿ ಕೇಳುತ್ತದೆ. ನಮಗೆ ಮಳೆಗಾಲದಲ್ಲಿ ಬೇಡ, ಬೇಸಿಗೆಯಲ್ಲಿ ಬೇಕು. ಟಮಾಟಕ್ಕೆ ಬೆಲೆ ಬಿದ್ದ ವರ್ಷ ಬಿಲ್ಲು ಕಟ್ಟುವುದೆಲ್ಲಿಂದ? ಬಂಡವಾಳ ಹಾಕಿದವನು ಯಾರ ಕಡೆ ತಿರುಗುತ್ತಾನೆ ಹೇಳಿ. ಬರ ಬಂದ ವರ್ಷವಂತೂ ಪೈಪು ಕಾರ್ಖಾನೆ ಕಡೆಗೇ.

ಹಾಗಾಗಿ ಖಾಸಗಿಯವರು ಬರುವುದಾದರೆ ಬರಲಿ. ಸಹಿ ಬೀಳುವ ಮೊದಲು ನಮ್ಮ ಮೂರು ಮಾತು ಕರಾರಿನಲ್ಲಿ ಸೇರಲಿ.

ಒಂದು, ರೈತರ ಪಾಲು ಎಷ್ಟು ಲೀಟರ್, ಯಾವ ತಿಂಗಳು ಎಂದು ಬರೆದಿರಬೇಕು. ಬರಗಾಲದಲ್ಲೂ ಅದಕ್ಕೆ ಕೈ ಹಾಕಬಾರದು.

ಎರಡು, ನೀರಿನ ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳು ಪಂಚಾಯ್ತಿ ಬೋರ್ಡಿನಲ್ಲಿ ಕನ್ನಡದಲ್ಲಿ ಅಂಟಿಸಬೇಕು. ನೊರೆ ಕಣ್ಣಿಗೆ ಕಾಣುತ್ತದೆ. ಉಪ್ಪು, ಸೋಡಿಯಂ, ಸೀಸ, ಕ್ಯಾಡ್ಮಿಯಂ ಕಾಣುವುದಿಲ್ಲ. ಸೋಡಿಯಂ ಹೆಚ್ಚಾದ ನೀರು ಬಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಕೆಟ್ಟ ಮಣ್ಣು ಸರಿಯಾಗಲು ವರ್ಷಗಳೇ ಬೇಕು.

ಮೂರು, ಶುದ್ಧೀಕರಣದ ಖರ್ಚು ಕಾರ್ಖಾನೆ ಮತ್ತು ಪಟ್ಟಣದ ಮೇಲಿರಲಿ. ಕೊಳಚೆ ಮಾಡಿದವರು ಅವರು. ಹೊಲ ಕೆಟ್ಟರೆ ಪರಿಹಾರ ಯಾರು ಕೊಡಬೇಕೆಂಬುದೂ ಅದರಲ್ಲೇ ಇರಲಿ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ತೊಳೆದ ಬಾಟಲಿಯಲ್ಲಿ ಒಂದು ಲೀಟರ್ ಬೋರಿನ ನೀರು, ಜೊತೆಗೆ ಹೊಲದ ಮಣ್ಣು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಫಲಿತಾಂಶ ಜೋಪಾನವಾಗಿಡಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗೆ ಕೆರೆ ನೀರು ಬಿಡಬೇಡಿ. ನಾಳೆ ಕರಾರಿನ ಮಾತು ಬಂದಾಗ ರೈತನ ಕೈಯಲ್ಲೂ ಒಂದು ಕಾಗದ ಇರಬೇಕು. ಬಾಯಿಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ.