ಕಡಲು ಕಾಣದ ನಾಡಿನಲ್ಲಿ ಕಡಲಿನ ಪಾಠ

ಚನ್ನರಾಯನದುರ್ಗದ ಬೆಟ್ಟವನ್ನು ಹತ್ತಿ ನಿಂತರೆ ಸುತ್ತಲೂ ಕಾಣುವುದು ಬಂಡೆಗಳು, ಕುರುಚಲು ಕಾಡು, ಕೆರೆಯಂಗಳ, ರಾಗಿ ಮತ್ತು ಕಡಲೆಕಾಯಿಯ ಹೊಲಗಳು. ಪಡುವಣ ಕಡಲು ಅಲ್ಲಿಂದ ಇನ್ನೂರೈವತ್ತು ಕಿಲೋಮೀಟರಿಗೂ ದೂರ. ಮೂಡಣ ಕಡಲು ಮುನ್ನೂರು ಕಿಲೋಮೀಟರಿಗೂ ದೂರ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡಗಳ ಈ ಸೀಮೆಯಲ್ಲಿ ಹುಟ್ಟಿ, ಉತ್ತು ಬಿತ್ತಿ, ಮುಪ್ಪಾಗಿ, ಕಡಲನ್ನು ಒಮ್ಮೆಯೂ ಕಾಣದೆ ಕಣ್ಣು ಮುಚ್ಚಿದವರು ಎಷ್ಟೋ ಮಂದಿ.

ಇಂತಹ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಹೊಸದಾಗಿ ಉಪಾಧ್ಯಾಯನಾಗಿದ್ದೆ. ಭೂಗೋಳದ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ, ಕನ್ನಡ ಕಲಿಸುತ್ತಿದ್ದ ನನ್ನ ಪಾಲಿಗೆ ಸಾಗರಗಳ ಪಾಠ ಬಂದಿತು. ನಾನು ಸಾಗರಗಳ ಹೆಸರು, ಆಳ, ವಿಸ್ತಾರಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಮೇಷ್ಟ್ರೇ, ನಮ್ಮ ಹೊಲಕ್ಕೆ ಮಳೆಯೇ ಬಿದ್ದಿಲ್ಲ. ಈ ಸಮುದ್ರದ ಸಮಾಚಾರ ನಮಗ್ಯಾಕೆ?” ಎಂದು ಕೇಳಿದನು. “ಪರೀಕ್ಷೆಗೆ ಬರುತ್ತದೆ, ಬರೆದುಕೋ” ಎಂದೆ. ತರಗತಿಯೆಲ್ಲ ನಕ್ಕಿತು, ಹುಡುಗ ಕುಳಿತುಕೊಂಡನು. ಆ ವರ್ಷ ಬೆಳೆ ಒಣಗಿತು. ದೀಪಾವಳಿ ಕಳೆದ ಮೇಲೆ ಅವನು ಶಾಲೆಗೆ ಮರಳಲಿಲ್ಲ. ಅವನ ಮನೆಯವರು ಕೂಲಿಯನ್ನರಸಿ ಊರು ಬಿಟ್ಟಿದ್ದರು. ಅವನ ಪ್ರಶ್ನೆಯಲ್ಲಿಯೇ ಅದರ ಉತ್ತರವೂ ಅಡಗಿತ್ತೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಅನಂತರ. ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಭೂಮಿಯ ಮೇಲ್ಮೈಯ ನೂರರಲ್ಲಿ ಸುಮಾರು 71 ಪಾಲು ಸಾಗರ. ಭೂಮಿಯಲ್ಲಿರುವ ನೀರಿನ ನೂರರಲ್ಲಿ ಸುಮಾರು 97 ಪಾಲು ಅದರಲ್ಲಿಯೇ ಇದೆ. ಬಿಸಿಲಿನ ತಾಪಕ್ಕೆ ಅದು ಆವಿಯಾಗಿ ಮೇಲೇರುತ್ತದೆ. ಉಪ್ಪು ಹಿಂದೆಯೇ ಉಳಿಯುತ್ತದೆ. ಉಪ್ಪುನೀರನ್ನು ತಟ್ಟೆಯಲ್ಲಿಟ್ಟು ಬಿಸಿಲಿಗೆ ಒಣಗಿಸಿದರೆ ಈ ಸಂಗತಿ ನಿಮಗೂ ತಿಳಿಯುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ತಯಾರಾಗುವುದೂ ಹೀಗೆಯೇ.

ಕಡಲಿನ ಆವಿ ನಮ್ಮ ಕಡೆಗೆ ಬರುವುದೇಕೆ? ಬೇಸಗೆಯ ನಡುಹಗಲಿನಲ್ಲಿ ದುರ್ಗದ ಬಂಡೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ದೊಣೆಯ ನೀರು ತಂಪಾಗಿಯೇ ಇರುತ್ತದೆ. ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಭರತಖಂಡದ ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರಾಗಿ ಒತ್ತಡ ತಗ್ಗುತ್ತದೆ. ಕಡಲಿನಿಂದ ತೇವ ಹೊತ್ತ ಗಾಳಿ ಅತ್ತ ನುಗ್ಗುತ್ತದೆ. ಅದೇ ಮುಂಗಾರು. ಸಹ್ಯಾದ್ರಿಯನ್ನು ಏರುವಾಗ ತಣಿದು ಅದು ತನ್ನ ಹೊರೆಯನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 700 ಸೆಂಟಿಮೀಟರಿಗೂ ಹೆಚ್ಚು ಮಳೆಯಾದರೆ, ಬೆಟ್ಟಸಾಲಿನ ಮರೆಯಲ್ಲಿರುವ ಪಾವಗಡಕ್ಕೆ ಅದರ ಹತ್ತರಲ್ಲೊಂದು ಪಾಲೂ ಸಿಗುವುದಿಲ್ಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲಕ್ಕೆ ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳು ಎಷ್ಟೋ ವರ್ಷ ನಮ್ಮ ಕೆರೆಗಳನ್ನು ತುಂಬಿಸಿವೆ. ನಮ್ಮ ಹೊಲಕ್ಕೆ ಕಡಲು ಬರುವುದಿಲ್ಲವೆಂದು ಹೇಳುವವರು ಈ ಮಳೆಗಳನ್ನು ನೆನೆಯಬೇಕು.

ಕಡಲು ಮುನಿದರೆ ಆಗುವುದೇನು? ಪೆಸಿಫಿಕ್ ಸಾಗರದಲ್ಲಿ ಸಾಮಾನ್ಯವಾಗಿ ಗಾಳಿಯು ಬೆಚ್ಚನೆಯ ನೀರನ್ನು ಪಶ್ಚಿಮಕ್ಕೆ ತಳ್ಳುತ್ತದೆ. ಕೆಲವು ವರ್ಷ ಈ ಗಾಳಿ ದುರ್ಬಲವಾಗಿ, ಬಿಸಿನೀರು ಸಾಗರದ ನಡುವೆ ಮತ್ತು ದಕ್ಷಿಣ ಅಮೆರಿಕದ ಕಡೆಗೆ ಹರಡುತ್ತದೆ. ಪೆರು ದೇಶದ ಬೆಸ್ತರು ಇದಕ್ಕೆ ‘ಎಲ್ ನಿನೋ’ ಎಂದು ಹೆಸರಿಟ್ಟರು. ಅಂತಹ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 1877ರಲ್ಲಿ ಬಹು ಪ್ರಬಲವಾದ ಎಲ್ ನಿನೋ ಉಂಟಾಗಿತ್ತು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮದ ಕಾಲ ಅದೇ. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. 2023ರಲ್ಲಿಯೂ ಎಲ್ ನಿನೋ ತಲೆದೋರಿತು. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಆದರೆ ಎಲ್ ನಿನೋ ಬಂದಾಗಲೆಲ್ಲ ಬರ ಬಂದೇ ತೀರುತ್ತದೆಂದು ತಿಳಿಯಬಾರದು. 1997ರಲ್ಲಿ ಅದು ಪ್ರಬಲವಾಗಿದ್ದರೂ ದೇಶದ ಮುಂಗಾರು ಕೈಕೊಡಲಿಲ್ಲ. ಹಿಂದೂ ಮಹಾಸಾಗರದ ಶಾಖವೂ ಮಳೆಯನ್ನು ತಿದ್ದುತ್ತದೆ. ಆದುದರಿಂದಲೇ ಇಂದು ಸುಮಾರು 4000 ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಸಂಚರಿಸುತ್ತ, ಹತ್ತು ದಿನಗಳಿಗೊಮ್ಮೆ 2000 ಮೀಟರ್ ಆಳದಿಂದ ಮೇಲೇರಿ, ನೀರಿನ ಉಷ್ಣತೆಯನ್ನೂ ಉಪ್ಪಿನಂಶವನ್ನೂ ಉಪಗ್ರಹಗಳ ಮೂಲಕ ತಿಳಿಸುತ್ತಿವೆ. ಹೈದರಾಬಾದಿನಲ್ಲಿರುವ ನಮ್ಮ ಸಾಗರ ಮಾಹಿತಿ ಕೇಂದ್ರವೂ ಈ ಕಾರ್ಯದಲ್ಲಿ ಭಾಗಿಯಾಗಿದೆ.

“ಮೊದಲು ಊರ ಕೆರೆಯ ವಿಷಯ ಕಲಿಸಿರಿ, ಕಡಲಿನ ಮಾತು ಆಮೇಲೆ” ಎನ್ನುವ ಹಿರಿಯರುಂಟು. ಕೆರೆಯ ಪಾಠ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆರೆಗೆ ನೀರು ಬರುವ ದಾರಿಯನ್ನು ಬಿಟ್ಟು ಕೆರೆಯನ್ನು ಹೇಗೆ ಕಲಿಸುವುದು? ಇನ್ನು ಕೆಲವರು, “ವಿಜ್ಞಾನ ಓದಿದರೆ ಮಳೆ ಬರುತ್ತದೆಯೆ?” ಎಂದು ಕೇಳುತ್ತಾರೆ. ಬರುವುದಿಲ್ಲ. ಆದರೆ ಮಳೆ ಕಡಮೆಯಾಗಬಹುದೆಂದು ಮೊದಲೇ ಅರಿತ ರೈತನು ಸಾಲ ತಂದು ಇಡೀ ಹೊಲಕ್ಕೆ ಕಡಲೆಕಾಯಿ ಬಿತ್ತದೆ, ಒಂದು ಭಾಗಕ್ಕೆ ಹುರುಳಿಯನ್ನೋ ನವಣೆಯನ್ನೋ ಹಾಕಿಯಾನು; ಮೇವನ್ನು ಕೂಡಿಟ್ಟಾನು. ಊರವರು ಬೇಸಗೆಯಲ್ಲಿಯೇ ಕೆರೆಯ ಹೂಳು ತೆಗೆದಾರು. ಅಷ್ಟರಿಂದಲೇ ಒಂದು ಸಂಸಾರ ಊರಿನಲ್ಲಿ ಉಳಿಯಬಹುದು, ಒಬ್ಬ ಹುಡುಗ ಶಾಲೆಯಲ್ಲಿ ಉಳಿಯಬಹುದು. ಮಳೆ ಯಥೇಚ್ಛವಾಗಿರುವ ನಾಡಿಗಿಂತ ಬಯಲುಸೀಮೆಗೆ ಕಡಲಿನ ಪಾಠ ಹೆಚ್ಚು ಅಗತ್ಯವೆಂದು ನಾನು ನಂಬಿರುವುದು ಈ ಕಾರಣದಿಂದ.

ಆದರೆ ಅದನ್ನು ನಾನು ಅಂದು ಕಲಿಸಿದಂತೆ ಕಲಿಸಬಾರದು. ಅಂಕಿಗಳ ಪಟ್ಟಿಯಿಂದಲ್ಲ, ಮಕ್ಕಳ ಕಾಲ ಕೆಳಗಿನ ನೆಲದಿಂದ ಪಾಠ ಆರಂಭವಾಗಬೇಕು. ನಮ್ಮ ಬೆಟ್ಟಗಳ ಕಗ್ಗಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಮಳೆನೀರು ಇಂತಹ ಕಲ್ಲುಗಳನ್ನು ಸವೆಸಿ, ಅವುಗಳಲ್ಲಿನ ಲವಣಗಳನ್ನು ಕರಗಿಸಿ ಒಯ್ಯುತ್ತದೆ. ಪಾವಗಡದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸೇರಿರುವುದೂ ಕಲ್ಲಿನಿಂದಲೇ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನಾಚೆ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಕೋಟ್ಯಂತರ ವರ್ಷಗಳಿಂದ ಜಗತ್ತಿನ ನದಿಗಳೆಲ್ಲ ಹೀಗೆ ಹೊತ್ತು ತಂದ ಲವಣಗಳಿಂದಲೂ ಕಡಲತಳದ ಬೆಂಕಿಬೆಟ್ಟಗಳಿಂದಲೂ ಕಡಲು ಉಪ್ಪಾಗಿದೆ. ಅದರ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಅದರಲ್ಲಿ ನಮ್ಮ ಬೆಟ್ಟದ ಪಾಲೂ ಉಂಟು.

ವಿದ್ಯಾರ್ಥಿಗಳೇ, ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನು ಇಡಿರಿ. ಪ್ರತಿ ಮಳೆಯ ಅಳತೆಯನ್ನು ಬರೆದಿಟ್ಟು, ಗಾಳಿ ಯಾವ ದಿಕ್ಕಿನಿಂದ ಬಂದಿತೆಂಬುದನ್ನೂ ಗುರುತಿಸಿರಿ. ಮನೆಯಲ್ಲಿ ಹಿರಿಯರು ಬಿತ್ತನೆಯ ಮಾತೆತ್ತಿದಾಗ ಆ ಪುಸ್ತಕವನ್ನು ಅವರ ಮುಂದಿಡಿರಿ. ಮತ್ತು ನಿಮ್ಮಲ್ಲಿ ಯಾರಿಗಾದರೂ “ಇದು ನಮಗೇಕೆ?” ಎಂಬ ಪ್ರಶ್ನೆ ಹುಟ್ಟಿದರೆ ಎದ್ದುನಿಂತು ಕೇಳಿರಿ. ಉತ್ತರ ದೊರೆಯುವವರೆಗೆ ಕುಳಿತುಕೊಳ್ಳಬೇಡಿರಿ.