ಮನಿ ಕೊಡ್ರಿ, ಕೀಲಿಕೈ ತಿರುಗಿ ಇಸ್ಕೊಳ್ರಿ

2025ರ ಶ್ರಾವಣದಾಗ ಒಂದು ಶುಕ್ರವಾರ ಅರಿಷಿಣ-ಕುಂಕುಮಕ್ಕ ಅಂತ ಬಾಜೂ ಮನಿಗೆ ಹೋಗಿದ್ದೆ. ಅದೇ ವಾರ ಟೀವಿ ಒಳಗ ಸುದ್ದಿ ಬಂದಿತ್ತು. ದಿಲ್ಲಿಯ ಬಾಬಾ ಖರಕ್ ಸಿಂಗ್ ಮಾರ್ಗದಾಗ ಎಂಪಿಗಳಿಗೆ ಅಂತ 184 ಹೊಸ ಫ್ಲ್ಯಾಟ್ ಕಟ್ಯಾರ, ಪ್ರಧಾನಿಯವರು ಉದ್ಘಾಟನಾ ಮಾಡಿದ್ರು ಅಂತ. ನಾಕು ದೊಡ್ಡ ಕಟ್ಟಡ. ಕೃಷ್ಣಾ, ಗೋದಾವರಿ, ಕೋಸಿ, ಹೂಗ್ಲಿ ಅಂತ ನದಿ ಹೆಸರು. ಒಂದೊಂದು ಮನಿ ಸುಮಾರು 5,000 ಚದರ ಅಡಿ.

ಉಡಿ ತುಂಬಿಸ್ಕೊಳ್ಳಿಕ್ಕೆ ಕೂತವರಿಗೆಲ್ಲಾ ಮಾತಾಡ್ಲಿಕ್ಕೆ ಅಷ್ಟ ಸಾಕಾತು. “ನಮ್ಮ ಪಡಸಾಲಿ, ಅಡಗಿಮನಿ, ಹಿತ್ತಲ ಎಲ್ಲಾ ಕೂಡಿಸಿದ್ರೂ ಅಷ್ಟಾಗೂದಿಲ್ಲ ನೋಡ್ರಿ ವೈನಿ” ಅಂದ್ಲು ಒಬ್ಬಾಕಿ. “ಅವರು ದಿಲ್ಲಿ ಒಳಗ ಇರೂದರ ಎಷ್ಟು ದಿನಾ? ಬಾಡಗಿ ಕೊಟ್ಟು ಇರಲಿ. ನಮ್ಮ ಹುಡುಗರು ಬೆಂಗಳೂರಾಗ ಪಿಜಿ ಒಳಗ ಇರೂದಿಲ್ಲೇನು?” ಅಂದ್ಲು ಇನ್ನೊಬ್ಬಾಕಿ.

ನಾನೂ ಹೂಂ ಅಂದು ಬಂದೆ. ಆದ್ರ ರಾತ್ರಿ ಮೊಸರಿಗೆ ಹೆಪ್ಪು ಹಾಕೋವಾಗ ಆ ಹೂಂ ಯಾಕೋ ಸರಿ ಅನಸಲಿಲ್ಲ. ಯಾಕ ಅಂತ ಇಲ್ಲೆ ಬರೀತೀನಿ. ನಿಮಗ ಒಪ್ಪಿಗಿ ಆಗಲಿಲ್ಲಂದ್ರ ಬಂದು ಜಗಳಾ ಆಡ್ರಿ, ಚಹಾ ಕೊಡ್ತೀನಿ.

ಮೊದಲ ಆಕಿ ಕೇಳಿದ ಪ್ರಶ್ನಿ ಸುಳ್ಳಲ್ಲ ಅಂತ ಒಪ್ಪೇಬಿಡ್ತೀನಿ. 2019ರಿಂದ 2024ರ ತನಕ ಇದ್ದ ಲೋಕಸಭಾ ಐದು ವರ್ಷದಾಗ ಕೂತದ್ದು 274 ದಿನಾ. ವರ್ಷಕ್ಕ ಲೆಕ್ಕಾ ಹಾಕಿದ್ರ ಸುಮಾರು 55. ಮೊದಲನೇ ಲೋಕಸಭಾ ವರ್ಷಕ್ಕ ಸರಾಸರಿ 135 ದಿನಾ ಕೂತಿತ್ತು. ಅಂದ್ರ ಮನಿ ದೊಡ್ಡದಾತು, ಕೆಲಸದ ದಿನಾ ಕಡಿಮಿ ಆದ್ವು. ಇದಕ್ಕ ಬೈಬೇಕು, ಬೈರಿ.

ಆದ್ರ ಆ 55 ದಿನಾ ಒಂದೇ ಸಾಲಿಗೆ ಬರೂದಿಲ್ಲ. ಬಜೆಟ್, ಮಳಿಗಾಲ, ಚಳಿಗಾಲ ಅಂತ ಮೂರು ಅಧಿವೇಶನ. ನಡುನಡುವ ಸಮಿತಿ ಸಭಾ ಬ್ಯಾರೆ. ನಮ್ಮ ಕಡೆಯಿಂದ ದಿಲ್ಲಿ ಅಂದ್ರ ರೈಲಿನಾಗ ಎರಡು ರಾತ್ರಿ. ಸರ್ಕಾರ ಮನಿ ಕೊಡೂದಿಲ್ಲ ಅಂತ ಇಟ್ಕೊಳ್ರಿ, ಆಗ ಎಂಪಿ ಆಗಲಿಕ್ಕೆ ಯಾರಿಗೆ ಆಗ್ತದ? ದಿಲ್ಲಿ ಒಳಗ ಮೊದಲ ಬಂಗಲೆ ಇದ್ದವರಿಗೆ, ಇಲ್ಲಾ ಮನಿ ಕೊಡಿಸೋ ಸಾಹುಕಾರ ಇದ್ದವರಿಗೆ. ಮನಿ ಕೊಡಿಸಿದ ಸಾಹುಕಾರ ಸುಮ್ಮನ ಕೊಡಿಸಿರ್ತಾನೇನು? ನಾಳೆ ಬಂದು ತನ್ನ ಕೆಲಸಾ ಹೇಳ್ತಾನ. ಅದರಕಿಂತ ನಾವೆಲ್ಲಾ ಕೂಡಿ ಕೊಟ್ಟ ಮನ್ಯಾಗ ಇದ್ದು ನಮ್ಮ ಕೆಲಸಾ ಮಾಡಲಿ ಅಂತೀನಿ.

ಇನ್ನ ನಮ್ಮ ಹೆಣ್ಣಮಕ್ಕಳ ಮಾತು. 2024ರ ಚುನಾವಣ್ಯಾಗ ಲೋಕಸಭಾದ 543 ಮಂದಿ ಒಳಗ ಗೆದ್ದ ಹೆಂಗಸರು 74. ನಮ್ಮ ಕರ್ನಾಟಕದ 28ರಾಗ ಮೂರೇ ಮೂರು. 2023ರಾಗ ಮಹಿಳಾ ಮೀಸಲಾತಿ ಕಾಯ್ದೆ ಆತು, ಮೂರರಾಗ ಒಂದು ಸೀಟು ನಮಗ ಅಂತ. ಜನಗಣತಿ, ಕ್ಷೇತ್ರ ಮರುವಿಂಗಡಣಿ ಆದ ಮ್ಯಾಲೆ ಜಾರಿ ಅಂತ ಅದರಾಗ ಬರದಾರ. ಇವತ್ತಲ್ಲ ನಾಳೆ ಬರ್ತದ ಅಂತ ಇಟ್ಕೊಳ್ರಿ. ಆವಾಗ ನಮ್ಮ ಓಣ್ಯಾಗಿಂದ ಒಬ್ಬಾಕಿ, ಗ್ರಾಮ ಪಂಚಾಯ್ತಿ ಒಳಗ ಎರಡು ಸಲ ಗೆದ್ದಾಕಿ, ದಿಲ್ಲಿಗೆ ಹೊಂಟ್ಲು. ಮನ್ಯಾಗ ಬೀಪಿ ಇರೋ ಅತ್ತಿ, ಎಂಟನೇತ್ತಾ ಓದೋ ಮಗಾ. ಆಕಿ ಪಿಜಿ ಒಳಗ ಇರಬೇಕೇನು?

ಗಂಡಸು ದಿಲ್ಲಿಗೆ ಹೋದ್ರ ಒಂದು ಬ್ಯಾಗ್ ಹೋಗ್ತದ, ಯಾಕಂದ್ರ ಊರಾಗ ಮನಿ ನೋಡ್ಲಿಕ್ಕೆ ನಾವಿರ್ತೀವಿ. ಹೆಣ್ಣು ಹೋಗಬೇಕಂದ್ರ ಅರ್ಧಾ ಮನೀನ ಆಕಿ ಸಂಗತಿ ಹೋಗಬೇಕಾಗ್ತದ. ಮಗನ ಸಾಲಿ, ಅತ್ತಿಯ ಗುಳಗಿ, ಕುಕ್ಕರು, ದೇವರ ಪೆಟಗಿ ಎಲ್ಲಾ. ಮನಿ ಇಲ್ಲಂದ್ರ ಆಕಿ ಟಿಕೀಟ್ ಕೊಟ್ಟಾಗನ “ಬ್ಯಾಡ ಬಿಡ್ರಿ” ಅಂತಾಳ. ಯಾರೂ ತಡದದ್ದೂ ಕಾಣೂದಿಲ್ಲ, ಆಕಿ ಮಾತ್ರ ಹೋಗೂದಿಲ್ಲ. ಹೋಟೆಲಿನಾಗ ಇರಲಿ ಅಂತ ಅಂದವರು ನಾವು ಹೆಂಗಸರೇ ಅಂಬೂದ ನನಗ ಆ ರಾತ್ರಿ ಚುಚ್ಚಿದ್ದು.

ಹಂಗಂತ ಕೊಟ್ಟದ್ದೆಲ್ಲಾ ಸರಿ ಅಂತಿಲ್ಲ. ಮೊದಲನೇ ಸಲ ಗೆದ್ದವರಿಗೆ ನಾರ್ತ್ ಅವೆನ್ಯೂ, ಸೌತ್ ಅವೆನ್ಯೂದಂಥಾ ಕಡೆ ಫ್ಲ್ಯಾಟ್, ಹಿರಿಯರಿಗೆ ಬ್ರಿಟಿಷರ ಕಾಲದ ಬಂಗಲೆ, ಸುತ್ತ ಹುಲ್ಲಿನ ಅಂಗಳಾ. ದಿಲ್ಲಿ ನಡುಮಧ್ಯದ ಆ ಜಾಗಾದ ಕಿಮ್ಮತ್ತು ಎಷ್ಟಿರಬೇಕು? 2020ರಾಗ ಡಾ. ಬಿ.ಡಿ. ಮಾರ್ಗದಾಗ 80 ವರ್ಷ ದಾಟಿದ ಎಂಟು ಬಂಗಲೆ ಇದ್ದ ಜಾಗಾದಾಗ 76 ಫ್ಲ್ಯಾಟ್ ಕಟ್ಟಿ ಮುಗಿಸಿದ್ರು. ಎಂಟು ಮಂದಿ ಇದ್ದಲ್ಲೆ 76 ಮಂದಿ! ಅದು ಚಲೋ ಸಂಸಾರ ಅಂತೀನಿ ನಾನು. ಹೊಸಾ 5,000 ಅಡಿ ಮನ್ಯಾಗ ಆಫೀಸು, ಕೆಲಸದವರ ಖೋಲಿ ಎಲ್ಲಾ ಸೇರ್ಯದ ಅಂತಾರ. ಆದ್ರೂ ಸ್ವಲ್ಪ ಸಣ್ಣದು ಮಾಡಿದ್ರ ನಡೀತಿತ್ತು. ಮತ್ತ ವರ್ಷಕ್ಕ 50,000 ಯೂನಿಟ್ ಕರೆಂಟು ಪುಕ್ಕಟೆ. ಗೃಹಜ್ಯೋತಿ ಒಳಗ ನಮಗ ತಿಂಗಳಿಗೆ ಭಾಳ ಅಂದ್ರ 200, ವರ್ಷಕ್ಕ 2,400. ದಿಲ್ಲಿ ಬಿಸಲು ಜೋರ, ಬರೋ ಹೋಗೋ ಮಂದಿ ಜಾಸ್ತಿ, ಒಪ್ಪಿದೆ. ಆದ್ರ ಇಪ್ಪತ್ತು ಪಟ್ಟು?

ಆದ್ರ ನನ್ನ ಖರೇ ತಕರಾರು ಮನಿ ಕೊಡೂದರ ಮ್ಯಾಲಲ್ಲ, ಬಿಡೂದರ ಮ್ಯಾಲೆ. ಸೋತವರು ಒಂದು ತಿಂಗಳಾಗ ಮನಿ ಬಿಡಬೇಕು ಅಂತ ನಿಯಮ ಅದ. ಬಿಡದವರನ್ನ ಬಿಡಸಲಿಕ್ಕೆ 1971ರ ಕಾಯ್ದೆ ಅದ. 2019ರಾಗ ಅದನ್ನ ಇನ್ನೂ ಬಿಗಿ ಮಾಡಿ, ಮೂರು ದಿನದ ನೋಟಿಸ್ ಕೊಟ್ಟು ಕೆಲಸಾ ಶುರು ಮಾಡಬಹುದು ಅಂದ್ರು. ಇಷ್ಟೆಲ್ಲಾ ಕಾನೂನು ಯಾಕ ಬೇಕಾದ್ವು? ಮಂದಿ ಬಿಡೂದಿಲ್ಲ, ಅದಕ್ಕ. ಹಳೇ ಎಂಪಿ ಒಳಗ, ಹೊಸಾ ಎಂಪಿ ಹೋಟೆಲಿನಾಗ, ಹೋಟೆಲಿನ ಬಿಲ್ಲು ನಮ್ಮ ತಲಿ ಮ್ಯಾಲೆ. ಎಷ್ಟೋ ವರ್ಷ ಹಿಂಗ ನಡೀತು. 2018ರಾಗ ವೆಸ್ಟರ್ನ್ ಕೋರ್ಟ್ ಹಾಸ್ಟೆಲಿಗೆ ಹೊಸಾ ಕಟ್ಟಡ ಸೇರಿಸಿ 88 ಖೋಲಿ ಮಾಡಿದ್ದು, ಹೊಸಬರು ಬಂದಾಗ ಇಳಕೊಳ್ಳಿಕ್ಕೆ ಜಾಗಾ ಇರಲಿ ಅಂತನ.

ಇದನ್ನ ಹೇಳೋವಾಗ ನಾನೇನು ತೊಳದ ಮುತ್ತಲ್ಲ ಅಂತ ಹೇಳಬೇಕಾಗ್ತದ. ನಮ್ಮವರು ನೌಕರ್ಯಾಗ ಇದ್ದಾಗ ಒಂಬತ್ತು ವರ್ಷ ಕ್ವಾರ್ಟರ್ಸಿನಾಗ ಇದ್ವಿ. ಒಂದು ಡಿಸೆಂಬರಿನಾಗ ವರ್ಗ ಆತು. ಎರಡು ತಿಂಗಳಾಗ ಬಿಡಬೇಕಿತ್ತು. ದೊಡ್ಡಾಕಿದು ಎಸ್ಸೆಸ್ಸೆಲ್ಸಿ, ಪರೀಕ್ಷಿ ಮುಗೀಲಿ ಅಂದ್ವಿ. ಪರೀಕ್ಷಿ ಮುಗೀತು. ಆಮ್ಯಾಲೆ ಸಂಡಗಿ ಒಣಗಲಿ, ಉಪ್ಪಿನಕಾಯಿ ಹಾಕಿ ಹೋಗೂಣು, ರಿಜಲ್ಟ್ ಬರಲಿ ಅಂತ ಮೇ ತಿಂಗಳ ಕಡೀತನಕ ಬಿಡಲಿಲ್ಲ. ನಮ್ಮ ಜಾಗಾಕ್ಕ ಬಂದವರು ಬಸ್‌ಸ್ಟ್ಯಾಂಡ್ ಹತ್ರ ಒಂದೇ ಖೋಲ್ಯಾಗ ಇದ್ರು. ಆಕಿ ಕೈಯಾಗ ಏಳು ತಿಂಗಳ ಕೂಸು, ಮೂಲ್ಯಾಗ ಸ್ಟೋವ್. ನನಗ ಗೊತ್ತಿತ್ತು, ಗೊತ್ತಿದ್ದೂ ಸಂಡಗಿ ಒಣಗಿಸ್ಕೋತ ಕೂತೆ.

ಸಾಮಾನು ಟ್ರಕ್ಕಿಗೆ ಹಾಕಿದ ದಿನಾ ಆಕಿ ಕೀಲಿಕೈ ಇಸ್ಕೊಳ್ಳಿಕ್ಕೆ ಬಂದ್ಲು. ಬೈತಾಳ ಅಂತ ಮಾಡಿದ್ದೆ. ಆಕಿ ಕೂಸಿನ್ನ ಇನ್ನೊಂದು ಬಗಲಿಗೆ ಹಾಕ್ಕೊಂಡು, “ಅಕ್ಕಾರ, ಮಗಳ ಪರೀಕ್ಷಿ ಚಲೋ ಆದ್ವೇನ್ರಿ?” ಅಂತ ಕೇಳಿದ್ಲು. ಅಷ್ಟ. ಇಷ್ಟು ವರ್ಷ ಆದ್ರೂ ಆ ಮಾತು ಮರ್ತಿಲ್ಲ. ನಮ್ಮ ಹತ್ರ ಇದ್ದದ್ದು ನಮ್ಮ ಮನಿ ಆಗಿರಲಿಲ್ಲ, ಆಕಿ ಮನಿ ಆಗಿತ್ತು.

ಅದಕ್ಕ ನಾನು ಹೇಳೂದು ಇಷ್ಟ. ಎಂಪಿಗೆ ದಿಲ್ಲಿ ಒಳಗ ಮನಿ ಕೊಡ್ರಿ, ಸಂತೋಷದಿಂದ ಕೊಡ್ರಿ, ಫ್ಲ್ಯಾಟ್ ಕೊಡ್ರಿ. ಬಂಗಲೆ ಆಸೆ ಬಿಡಸ್ರಿ. ಮಕ್ಕಳ ಸಾಲಿ ನಡುವ ಇದ್ರ ಪರೀಕ್ಷಿ ಮುಗಿಯೂತನಕ ಇರಲಿ, ಆದ್ರ ಪೂರಾ ಬಾಡಗಿ ಕೊಟ್ಟು. ಅದರ ಮ್ಯಾಲೆ ಒಂದು ದಿನಾನೂ ಬ್ಯಾಡ, ಸಂಡಗಿ ನೆವಾ ಬ್ಯಾಡ.

ಮುಂದಿನ ಸಲ ಓಟು ಕೇಳಲಿಕ್ಕೆ ಬಂದಾಗ ನಾವು ರಸ್ತಾ, ನೀರು ಅಷ್ಟ ಕೇಳ್ತೀವಿ. ಇನ್ನ ಎರಡು ಮಾತು ಸೇರಿಸಿ ಕೇಳೂಣು. “ದಿಲ್ಲಿ ಒಳಗ ಎಷ್ಟು ದಿನಾ ಕೂತಿದ್ರಿ? ಸೋತ್ರ ಎಷ್ಟು ದಿನದಾಗ ಕೀಲಿಕೈ ಕೊಡ್ತೀರಿ?” ಆ ಕೀಲಿಕೈಗೆ ಕಾಯ್ಕೋತ ಕೂತಾಕಿ ನಾಳೆ ನಮ್ಮ ಓಣ್ಯಾಗಿನಾಕೀನ ಇರಬಹುದು, ಬಗಲಾಗ ಕೂಸಿದ್ದಾಕಿ.