ಆಜ್ಞೆಗಿಂತ ಮೊದಲು ನಂಬಿಕೆ

ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ನಮ್ಮ ಎಲೆಯುದುರುವ ಕಾಡುಗಳ ನೆಲವೆಲ್ಲ ದರಕಿನಿಂದ ಮುಚ್ಚಿಹೋಗುತ್ತದೆ. ಶಿವರಾತ್ರಿಯ ಹೊತ್ತಿಗೆ ಆ ದರಕು ಒಂದು ಬೀಡಿಯ ತುಂಡಿಗೂ ಹೊತ್ತಿಕೊಳ್ಳುವಷ್ಟು ಒಣಗಿರುತ್ತದೆ. ಎಲ್ಲೋ ಹೊಗೆ ಕಾಣಿಸಿತೆಂದರೆ ಓಡುವವರು ಯಾರು? ಅರಣ್ಯ ರಕ್ಷಕರು, ಬೇಸಿಗೆಯ ಕೆಲವು ತಿಂಗಳಿಗೆಂದು ದಿನಗೂಲಿಗೆ ಸೇರಿದ ಬೆಂಕಿ ಕಾವಲುಗಾರರು, ಗ್ರಾಮ ಅರಣ್ಯ ಸಮಿತಿಯ ನಾಲ್ಕಾರು ಸದಸ್ಯರು, ಊರಿನ ಕಾಲೇಜು ಹುಡುಗರು. ಕೈಯಲ್ಲೊಂದು ಕತ್ತಿ, ಹಸಿ ಸೊಪ್ಪಿನ ಟೊಂಗೆ, ಹೆಗಲಿಗೊಂದು ನೀರಿನ ಬಾಟಲಿ. ಅವರ ಪಾಲಿಗೆ ಉರಿಯುವ ಕಾಡೇ ಕೆಲಸದ ಜಾಗ. ಆ ಕೆಲಸದಲ್ಲಿ ಜೀವ ಹೋಗುವುದೂ ಉಂಟು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೂ 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿಯೂ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಪ್ರಾಣ ತೆತ್ತಿದ್ದಾರೆ.

ಕಾಡ್ಗಿಚ್ಚಿನ ಮಾತು ಬಂದಾಗಲೆಲ್ಲ ನಾವು ಉಪಕರಣಗಳ ಕೊರತೆ, ಸಿಬ್ಬಂದಿಯ ಕೊರತೆ, ತಡವಾಗಿ ಬರುವ ಅನುದಾನ ಇವುಗಳನ್ನು ಪ್ರಸ್ತಾಪಿಸುತ್ತೇವೆ. ಅವೆಲ್ಲ ನ್ಯಾಯವಾದ ದೂರುಗಳೇ. ಆದರೆ ಲೆಕ್ಕಪತ್ರದಲ್ಲಿ ಕಾಣಿಸದ ಇನ್ನೊಂದು ಸಂಗತಿಯಿದೆ. ಹತ್ತು ಜನರ ಒಂದು ಗುಂಪನ್ನು ಮುನ್ನಡೆಸುವವರು ಆ ಹತ್ತು ಜನರೊಡನೆ ಹೇಗೆ ನಡೆದುಕೊಳ್ಳುತ್ತಾರೆ, ಅವರೊಡನೆ ಎಷ್ಟು ಮಾತನಾಡುತ್ತಾರೆ, ಅವರ ಮಾತನ್ನು ಎಷ್ಟು ಕೇಳಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಕೆಲಸದ ಫಲ ನಿಂತಿದೆ. ಕೆಲವೊಮ್ಮೆ ಜೀವವೂ ನಿಂತಿದೆ. ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ದುರಂತವನ್ನು ಓದುಗರ ಮುಂದಿಡಲು ಬಯಸುತ್ತೇವೆ. ಅದು ನಡೆದದ್ದು ದೂರದ ಅಮೆರಿಕದಲ್ಲಾದರೂ, ಕಡಿದಾದ ಗುಡ್ಡ, ಒಣಹುಲ್ಲು, ಏರುಗಾಳಿ ಈ ಮೂರನ್ನೂ ಬಲ್ಲ ನಮ್ಮ ಜನರಿಗೆ ಅದು ಅಪರಿಚಿತವೆನಿಸದು.

1949ರ ಆಗಸ್ಟ್ 5. ಮೊಂಟಾನಾ ರಾಜ್ಯದಲ್ಲಿ ಮಿಸ್ಸೂರಿ ನದಿಯ ದಂಡೆಗೆ ಸೇರಿದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು. ಅದನ್ನು ನಂದಿಸಲು ಅಲ್ಲಿನ ಅರಣ್ಯ ಇಲಾಖೆಯ ಹದಿನೈದು ಮಂದಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದರು. ಮೊದಲೇ ಅಲ್ಲಿಗೆ ಬಂದಿದ್ದ ಒಬ್ಬ ಕಾವಲುಗಾರ ಅವರನ್ನು ಕೂಡಿಕೊಂಡ. ಹೆಚ್ಚಿನವರು ಎಳೆಯ ವಯಸ್ಸಿನ ಯುವಕರು. ಅವರ ಮುಂದಾಳು ವ್ಯಾಗ್ನರ್ ಡಾಜ್ ಎಂಬವರು. ಕೆಲಸದಲ್ಲಿ ನುರಿತವರು, ಮಿತಭಾಷಿ. ಆ ಬೇಸಿಗೆಯಲ್ಲಿ ಅವರಿಗೆ ಬೇರೆ ಜವಾಬ್ದಾರಿಗಳಿದ್ದುದರಿಂದ ಈ ಹುಡುಗರ ತರಬೇತಿಯಲ್ಲಿ ಅವರು ಜೊತೆಗಿರಲಿಲ್ಲ. ತಂಡದ ಅನೇಕರಿಗೆ ಮುಂದಾಳು ಯಾರೆಂದು ಗೊತ್ತಿತ್ತು, ಎಂಥವರೆಂದು ಗೊತ್ತಿರಲಿಲ್ಲ. ವಿಮಾನದಿಂದ ಇಳಿಸಿದ ರೇಡಿಯೊ ಅದರ ಪ್ಯಾರಾಚೂಟ್ ತೆರೆಯದೆ ಬಿದ್ದು ಒಡೆದುಹೋಯಿತು.

ಡಾಜ್ ಸ್ವಲ್ಪ ಹೊತ್ತು ತಂಡವನ್ನು ಎರಡನೆಯ ಮುಂದಾಳುವಿಗೆ ಒಪ್ಪಿಸಿ ಬೆಂಕಿಯನ್ನು ಹತ್ತಿರದಿಂದ ನೋಡಿಬರಲು ಹೋದರು. ಹಿಂತಿರುಗಿ ಎಲ್ಲರನ್ನೂ ನದಿಯ ಕಡೆಗೆ ನಡೆಸುತ್ತಿರುವಾಗ ಬೆಂಕಿ ಕಣಿವೆಯನ್ನು ದಾಟಿ ತಮ್ಮ ದಾರಿಗೇ ಅಡ್ಡ ಬಂದಿರುವುದು ಅವರಿಗೆ ಕಾಣಿಸಿತು. ಕೂಡಲೇ ತಂಡವನ್ನು ಗುಡ್ಡದ ಮೇಲಕ್ಕೆ ತಿರುಗಿಸಿದರು. ಸ್ವಲ್ಪ ದೂರ ಹೋದ ಮೇಲೆ, ಕೈಯಲ್ಲಿನ ಸಲಕರಣೆಗಳನ್ನು ಬಿಸಾಡಿ ಓಡಿರೆಂದು ಕೂಗಿದರು. ಆದರೆ ಏರಿನಲ್ಲಿ ಬೆಂಕಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿ ಇಟ್ಟಿರುತ್ತದೆ. ಆಗ ಡಾಜ್ ಯಾರೂ ನಿರೀಕ್ಷಿಸದ ಕೆಲಸವೊಂದನ್ನು ಮಾಡಿದರು. ಜೇಬಿನಿಂದ ಬೆಂಕಿಕಡ್ಡಿ ತೆಗೆದು ತಮ್ಮ ಮುಂದಿನ ಹುಲ್ಲಿಗೇ ಕಿಚ್ಚಿಟ್ಟರು. ಹುಲ್ಲು ಸುಟ್ಟು ಬೂದಿಯಾದ ಜಾಗದಲ್ಲಿ ದೊಡ್ಡ ಬೆಂಕಿಗೆ ಉಣ್ಣಲು ಏನೂ ಉಳಿಯುವುದಿಲ್ಲ. ಅದು ಪಕ್ಕದಿಂದ ಹಾದುಹೋಗುತ್ತದೆ. ಆ ಬೂದಿಯೊಳಕ್ಕೆ ಬನ್ನಿರೆಂದು ಅವರು ಎಲ್ಲರನ್ನೂ ಕರೆದರು.

ಒಬ್ಬರೂ ಬರಲಿಲ್ಲ. ಬೆಂಕಿ ಬೆನ್ನಟ್ಟಿರುವಾಗ ಮುಂದಾಳು ಮತ್ತೊಂದು ಬೆಂಕಿ ಹಚ್ಚುತ್ತಿರುವುದು ಅವರಿಗೆ ಅರ್ಥವಾಗಲಿಲ್ಲ. ಎಲ್ಲರೂ ಅವರನ್ನು ದಾಟಿ ಓಡಿದರು. ಡಾಜ್ ಬೂದಿಯಲ್ಲಿ ಬೋರಲಾಗಿ ಮಲಗಿ ಬದುಕಿಕೊಂಡರು. ಬಂಡೆಗಳ ಸಂದಿನಿಂದ ದಿಬ್ಬದ ಆಚೆ ದಾಟಿದ ಇಬ್ಬರು ಬದುಕಿದರು. ಉಳಿದ ಹದಿಮೂರು ಮಂದಿ ತೀರಿಕೊಂಡರು.

ಡಾಜ್ ಅಂದು ಕೊಟ್ಟ ಆಜ್ಞೆ ಸರಿಯಾಗಿತ್ತು. ಅದನ್ನು ಪಾಲಿಸಿದ್ದರೆ ಬಹುಶಃ ಎಲ್ಲರೂ ಉಳಿಯುತ್ತಿದ್ದರು. ಹಾಗಾದರೆ ತಪ್ಪು ಹುಡುಗರದೆ? ಹಾಗೆಂದು ತೀರ್ಮಾನಿಸುವುದು ಸುಲಭ, ಆದರೆ ನ್ಯಾಯವಲ್ಲ. ನಾರ್ಮನ್ ಮೆಕ್ಲೀನ್ ಎಂಬ ಲೇಖಕರು ವರ್ಷಗಟ್ಟಲೆ ಈ ಘಟನೆಯ ಬೆನ್ನುಹತ್ತಿ ಬರೆದ ಪುಸ್ತಕ ಅವರ ಮರಣಾನಂತರ 1992ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಕಾರ್ಲ್ ವೀಕ್ ಎಂಬ ವಿದ್ವಾಂಸರು 1993ರಲ್ಲಿ ಇದೇ ದುರಂತವನ್ನು ಸಂಘಟನೆಗಳ ಅಧ್ಯಯನದ ದೃಷ್ಟಿಯಿಂದ ವಿಶ್ಲೇಷಿಸಿದರು. ಅವರ ವಾದದ ತಿರುಳು ಇಷ್ಟು: ಆ ಹದಿನಾರು ಮಂದಿ ಒಂದು ಪಟ್ಟಿಯಲ್ಲಿ ಸೇರಿದ್ದರು, ಒಂದು ತಂಡವಾಗಿ ಬೆಸೆದುಕೊಂಡಿರಲಿಲ್ಲ. ಎಲ್ಲ ಸರಿಯಾಗಿರುವಾಗ ಆ ವ್ಯತ್ಯಾಸ ತಿಳಿಯುವುದಿಲ್ಲ. ಊಹಿಸದ ಸಂಗತಿ ಎದುರಾದ ಕ್ಷಣದಲ್ಲಿ ತಂಡ ಚೂರಾಗಿ, ಪ್ರತಿಯೊಬ್ಬನೂ ಒಂಟಿಯಾದ. ಒಂಟಿಯಾದವನ ಕಿವಿಗೆ ಅಪರಿಚಿತನ ಆಜ್ಞೆ ಬರಿಯ ಕೂಗಾಗಿ ಕೇಳಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಬೆಂಕಿಯ ಮುಂದೆ ಸಭೆ ಸೇರಿಸಿ ಅಭಿಪ್ರಾಯ ಕೇಳಲಾದೀತೆ, ಅಲ್ಲಿ ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು ಎಂದು ಅನುಭವಿಗಳು ಹೇಳುತ್ತಾರೆ. ಒಪ್ಪುವ ಮಾತೇ. ಆ ಕ್ಷಣದಲ್ಲಿ ಬೇಕಾದದ್ದು ಆಜ್ಞೆಯೇ. ಆದರೆ ಕಟ್ಟುನಿಟ್ಟಿನ ಆಜ್ಞೆಯನ್ನು ಮರುಮಾತಿಲ್ಲದೆ ಪಾಲಿಸಬೇಕಾದರೆ, ಆಜ್ಞೆಯಿಲ್ಲದ ದಿನಗಳಲ್ಲಿ ಸಾಕಷ್ಟು ಮಾತುಕತೆ ನಡೆದಿರಬೇಕು. ಡಾಜ್ ಅವರ ಎದುರುಬೆಂಕಿಯ ಉಪಾಯವನ್ನು ಅದಕ್ಕೆ ಮುಂಚೆ ಒಂದೇ ಒಂದು ಸಂಜೆ ಹುಡುಗರೊಡನೆ ಚರ್ಚಿಸಿದ್ದರೆ, ಆ ದಿನ ಅವರು ಬೆಂಕಿಕಡ್ಡಿ ಗೀರಿದ್ದರ ಅರ್ಥ ಎಲ್ಲರಿಗೂ ಹೊಳೆಯುತ್ತಿತ್ತು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ನಮ್ಮ ಗಾದೆ ನೀರಿಗೆ ಮಾತ್ರವಲ್ಲ, ನಂಬಿಕೆಗೂ ಸಲ್ಲುತ್ತದೆ.

ಮುಂದಾಳುವಿನ ರೀತಿಗೂ ಕೆಲಸಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1930ರ ದಶಕದ ಕೊನೆಯಲ್ಲಿ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಸಣ್ಣ ಗುಂಪುಗಳಿಗೆ ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟು ನೋಡಿದರು. ಒಂದು ರೀತಿಯ ಮುಂದಾಳು ಎಲ್ಲವನ್ನೂ ತಾನೇ ನಿರ್ಧರಿಸಿ ಅಪ್ಪಣೆ ಕೊಡುತ್ತಿದ್ದ. ಇನ್ನೊಂದು ರೀತಿಯವನು ಹುಡುಗರೊಡನೆ ಚರ್ಚಿಸಿ ಕೆಲಸ ಹಂಚುತ್ತಿದ್ದ. ಮೂರನೆಯವನು ಏನಾದರೂ ಮಾಡಿಕೊಳ್ಳಿರೆಂದು ಸುಮ್ಮನಿರುತ್ತಿದ್ದ. ಅಪ್ಪಣೆಯ ಗುಂಪಿನಲ್ಲಿ ಕೆಲಸವೇನೂ ಕಡಿಮೆಯಾಗಲಿಲ್ಲ. ಆದರೆ ಮುಂದಾಳು ಕೋಣೆಯಿಂದ ಹೊರಹೋದ ಕೂಡಲೇ ಅಲ್ಲಿ ಕೆಲಸ ಕುಸಿಯಿತು. ಚರ್ಚಿಸಿ ನಡೆದ ಗುಂಪಿನಲ್ಲಿ ಮುಂದಾಳು ಇಲ್ಲದಾಗಲೂ ಕೆಲಸ ಹೆಚ್ಚುಕಡಿಮೆ ಹಾಗೆಯೇ ಸಾಗಿತು. ಕಾಡಿನ ಕೆಲಸಕ್ಕೆ ಇದು ಬಹು ಮುಖ್ಯವಾದ ಪಾಠ. ಏಕೆಂದರೆ ಕಾಡಿನಲ್ಲಿ ಮುಂದಾಳು ಯಾವಾಗಲೂ ಕಣ್ಣೆದುರು ಇರುವುದಿಲ್ಲ. ಅವರು ಒಂದು ದಿಬ್ಬದಲ್ಲಿದ್ದರೆ ಅರ್ಧ ತಂಡ ಇನ್ನೊಂದು ದಿಬ್ಬದಲ್ಲಿರುತ್ತದೆ. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ.

ನಮ್ಮ ಅಡಿಕೆ ತೋಟಗಳಲ್ಲಿ ಈ ವಿವೇಕ ಮೊದಲಿನಿಂದಲೂ ಇದೆ. ಕೊನೆ ಕೊಯ್ಲಿನ ದಿನ ಜಮೀನಿನ ಒಡೆಯ ಯಾರೇ ಆಗಿರಲಿ, ಮರ ಹತ್ತುವ ಕೊನೆಗೌಡ ಈ ಮರ ಜಾರುತ್ತದೆ, ಈ ಮರ ಭಾರ ತಾಳದು ಎಂದರೆ ಆ ಮಾತೇ ಕೊನೆ. ಕೆಳಗೆ ನಿಂತವರು ಹತ್ತು ಎಂದು ಒತ್ತಾಯಿಸುವುದಿಲ್ಲ. ಅಪಾಯಕ್ಕೆ ಮೈಯೊಡ್ಡುವವರ ಮಾತಿಗೆ ಅಲ್ಲಿ ತೂಕವಿದೆ. ಮುಯ್ಯಾಳಿನ ಕೆಲಸದಲ್ಲೂ ಅಷ್ಟೇ. ಇಂದು ನಿಮ್ಮ ಗದ್ದೆಯಲ್ಲಿ ನೀವು ಮುಂದಾಳು, ನಾಳೆ ನಮ್ಮ ಗದ್ದೆಯಲ್ಲಿ ನಾವು. ಹೇಳುವವರೂ ಕೇಳುವವರೂ ಸ್ಥಾನ ಬದಲಿಸುತ್ತಿರುವುದರಿಂದ ದರ್ಪಕ್ಕೆ ಅಲ್ಲಿ ಹೆಚ್ಚು ಎಡೆಯಿಲ್ಲ.

ಅಪಾಯವನ್ನು ಕಂಡವನು ಬಾಯಿಬಿಡಲಾಗದ ತಂಡದ ಗತಿಯೇನೆಂಬುದಕ್ಕೂ ಉದಾಹರಣೆಯಿದೆ. ಮ್ಯಾನ್ ಗಲ್ಚ್ ಸೇರಿದಂತೆ ಹಲವು ದುರಂತಗಳ ಬಳಿಕ ಅಮೆರಿಕದ ಅರಣ್ಯ ಇಲಾಖೆ 1957ರಲ್ಲಿ ಬೆಂಕಿ ನಂದಿಸುವವರಿಗಾಗಿ ಹತ್ತು ನಿಯಮಗಳನ್ನು ರೂಪಿಸಿತು. ಸೂಚನೆಗಳನ್ನು ಸ್ಪಷ್ಟವಾಗಿ ಕೊಡಬೇಕು, ಅವು ಅರ್ಥವಾಗಿವೆಯೆಂದು ಖಚಿತಪಡಿಸಿಕೊಳ್ಳಬೇಕು ಎಂಬುದು ಅವುಗಳಲ್ಲೊಂದು. ಆದರೂ 1994ರ ಜುಲೈ 6ರಂದು ಕೊಲರಾಡೊದ ಸ್ಟಾರ್ಮ್ ಕಿಂಗ್ ಗುಡ್ಡದಲ್ಲಿ ಹದಿನಾಲ್ಕು ಮಂದಿ ಬೆಂಕಿಗೆ ಬಲಿಯಾದರು. ಅಲ್ಲಿನ ಪರಿಸ್ಥಿತಿ ಅಪಾಯಕಾರಿ ಎಂದು ತಂಡದ ಕೆಲವರಿಗೆ ಅನ್ನಿಸಿತ್ತೆಂದೂ ಆದರೂ ಅವರು ಮೇಲಿನವರ ಯೋಜನೆಯನ್ನು ಪ್ರಶ್ನಿಸದೆ ಉಳಿದರೆಂದೂ ತನಿಖೆಯಲ್ಲಿ ಕಂಡುಬಂತು. ನಿಯಮಗಳು ಕಾಗದದಲ್ಲಿದ್ದವು, ಪ್ರಶ್ನಿಸುವ ಧೈರ್ಯ ಅಭ್ಯಾಸವಾಗಿರಲಿಲ್ಲ. ಈಗ ಅಲ್ಲಿ ಬೆಂಕಿ ನಂದಿಸುವವರು ಜೇಬಿನಲ್ಲಿ ಇಟ್ಟುಕೊಳ್ಳುವ ಕೈಪಿಡಿಯಲ್ಲಿಯೇ, ಅಪಾಯಕಾರಿಯೆಂದು ಕಂಡ ಕೆಲಸವನ್ನು ಸಕಾರಣವಾಗಿ ನಿರಾಕರಿಸುವ ಕ್ರಮವನ್ನು ಬರೆದಿಡಲಾಗಿದೆ.

ಈ ಬೆಳಕಿನಲ್ಲಿ ನಮ್ಮ ಊರಿನತ್ತ ನೋಡೋಣ. ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಬಂದದ್ದು 1993ರಲ್ಲಿ. ಅದರಂತೆ ಹುಟ್ಟಿದ ಗ್ರಾಮ ಅರಣ್ಯ ಸಮಿತಿಗಳಿಗೆ ಅಧ್ಯಕ್ಷರು ಊರಿನವರು, ಕಾರ್ಯದರ್ಶಿ ಇಲಾಖೆಯ ಉಪವಲಯ ಅರಣ್ಯಾಧಿಕಾರಿ. ಕಾಗದದ ಮೇಲೆ ಇದೊಂದು ಸಮಪಾಲಿನ ವ್ಯವಸ್ಥೆ. ಆಚರಣೆಯಲ್ಲಿ ಎರಡು ಬಗೆಯ ಸಮಿತಿಗಳನ್ನು ನಾವೆಲ್ಲ ಕಂಡಿದ್ದೇವೆ. ಒಂದು ಬಗೆಯಲ್ಲಿ ಠರಾವು ಮೊದಲೇ ಬರೆದು ತಂದಿರುತ್ತಾರೆ, ಸದಸ್ಯರ ಪಾಲಿಗೆ ಉಳಿಯುವುದು ಸಹಿ ಮಾತ್ರ. ಇನ್ನೊಂದು ಬಗೆಯಲ್ಲಿ ಅಧಿಕಾರಿ ಚಾಪೆಯ ಮೇಲೆ ಕುಳಿತು, ಯಾವ ಗುಡ್ಡದಲ್ಲಿ ಯಾವ ಹೊತ್ತಿಗೆ ಗಾಳಿ ತಿರುಗುತ್ತದೆ ಎಂಬುದನ್ನು ದನ ಕಾಯುವ ಅಜ್ಜನಿಂದ ಕೇಳಿ ತಿಳಿಯುತ್ತಾರೆ. ಮೊದಲನೆಯ ಊರಿನಲ್ಲಿ ಹೊಗೆ ಎದ್ದರೆ ಜನ ಇಲಾಖೆಗೆ ಫೋನು ಮಾಡಿ ಸುಮ್ಮನಾಗುತ್ತಾರೆ. ಎರಡನೆಯ ಊರಿನಲ್ಲಿ ಜೀಪು ಬರುವ ಮೊದಲೇ ಅವರು ಗುಡ್ಡದಲ್ಲಿರುತ್ತಾರೆ. ಕಾಡು ಅದೇ, ಅನುದಾನ ಅದೇ. ಬೇರೆಯಾದದ್ದು ನಡೆಸಿಕೊಂಡ ರೀತಿ.

ಜೊತೆಗೆ, ಬೇಸಿಗೆಯ ಬೆಂಕಿ ತಂಡಗಳು ಬಹಳ ಕಡೆ ಕೊನೆಯ ಗಳಿಗೆಯಲ್ಲಿ ಕೂಡಿಕೊಳ್ಳುತ್ತವೆ. ದಿನಗೂಲಿಯವರ ಹೆಸರು ತಡವಾಗಿ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಅಧಿಕಾರಿ ವರ್ಗವಾಗಿ ಹೊಸಬರು ಬಂದಿರುತ್ತಾರೆ. ಮುಂದಾಳುವೂ ತಂಡವೂ ಒಬ್ಬರ ಮುಖವನ್ನೊಬ್ಬರು ಮೊದಲು ನೋಡುವುದು ಹೊಗೆಯ ನಡುವೆ. ಇದೇ ಅಲ್ಲವೆ ಮ್ಯಾನ್ ಗಲ್ಚ್‌ನಲ್ಲಿ ಆದದ್ದು?

ಆದ್ದರಿಂದ ಇಲಾಖೆಯ ಮುಂದೆಯೂ ಗ್ರಾಮ ಅರಣ್ಯ ಸಮಿತಿಗಳ ಮುಂದೆಯೂ ಕೆಲವು ಸರಳ ಬೇಡಿಕೆಗಳನ್ನು ಇಡುತ್ತೇವೆ. ಬೆಂಕಿ ರೇಖೆ ಸವರುವ ಕೆಲಸ ಆರಂಭವಾಗುವ ಹೊತ್ತಿಗೇ ತಂಡವನ್ನು ನಿಗದಿಪಡಿಸಿ, ಮುಂದಾಳು ಸಹಿತ ಎಲ್ಲರೂ ಒಂದು ದಿನ ಕಾಡಿನ ಎಲ್ಲೆಯನ್ನು ಕಾಲ್ನಡಿಗೆಯಲ್ಲಿ ಸುತ್ತಲಿ. ಹಳ್ಳ, ಬಂಡೆ, ಬೋಳು ಜಾಗ, ತಪ್ಪಿಸಿಕೊಳ್ಳುವ ದಾರಿ ಎಲ್ಲರ ಕಣ್ಣಿಗೂ ಬೀಳಲಿ. ಮುಂದಾಳು ಇಲ್ಲದಾಗ ಯಾರ ಮಾತು ಕೇಳಬೇಕೆಂಬುದು ಮೊದಲೇ ಇತ್ಯರ್ಥವಾಗಲಿ. ಎದುರುಬೆಂಕಿ ಕೊಡುವುದನ್ನು ಬಲ್ಲ ಹಿರಿಯರು ಅದು ಏಕೆ, ಯಾವಾಗ, ಹೇಗೆ ಎಂಬುದನ್ನು ಕಿರಿಯರಿಗೆ ವಿವರಿಸಲಿ. ಬೆಂಕಿಯತ್ತ ಹೆಜ್ಜೆಯಿಡುವ ಮುನ್ನ, ಹಿಂದೆ ಸರಿಯಬೇಕಾದ ದಾರಿ ಯಾವುದೆಂದು ತಂಡದ ಅತ್ಯಂತ ಕಿರಿಯ ಸದಸ್ಯ ಗಟ್ಟಿಯಾಗಿ ಹೇಳಲಿ. ಅವನಿಗೆ ಅರ್ಥವಾಗಿದ್ದರೆ ಎಲ್ಲರಿಗೂ ಅರ್ಥವಾಗಿದೆಯೆಂದು ತಿಳಿಯಬಹುದು. ಅಪಾಯವೆಂದು ಹಿಂದೆ ಸರಿದ ದಿನಗೂಲಿಯವನ ಅಂದಿನ ಕೂಲಿ ಕಡಿತವಾಗದಿರಲಿ, ಮರುದಿನ ಅವನ ಹೆಸರು ಪಟ್ಟಿಯಿಂದ ಬಿಟ್ಟುಹೋಗದಿರಲಿ. ಬೆಂಕಿ ಆರಿದ ಮೇಲೆ ಎಲ್ಲರೂ ಒಂದೆಡೆ ಕುಳಿತು ನಡೆದದ್ದನ್ನು ಮಾತನಾಡಲಿ. ಅಲ್ಲಿ ಮೊದಲ ಮಾತು ಕಿರಿಯರದಾಗಿರಲಿ, ಅಧಿಕಾರಿಯದು ಕೊನೆಯದಾಗಿರಲಿ. ಅಧಿಕಾರಿ ಮೊದಲು ಮಾತನಾಡಿಬಿಟ್ಟರೆ ಉಳಿದವರಿಗೆ ತಲೆಯಾಡಿಸುವುದಷ್ಟೇ ಉಳಿಯುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ. ಬೇಕಾದದ್ದು ಒಂದೆರಡು ದಿನದ ಸಮಯ, ಮತ್ತು ಮೇಲೆ ಕುಳಿತವರು ಕೆಳಗಿಳಿದು ಕೇಳಿಸಿಕೊಳ್ಳುವ ಮನಸ್ಸು. ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು: ನಾಳೆ ನಿಮ್ಮಲ್ಲಿ ಕೆಲವರು ಅರಣ್ಯಾಧಿಕಾರಿಗಳಾಗುತ್ತೀರಿ, ಕೆಲವರು ಶಾಲೆ, ಸಹಕಾರಿ ಸಂಘ, ಕಂಪನಿಗಳಲ್ಲಿ ಹತ್ತಾರು ಜನರ ಮುಂದಾಳುಗಳಾಗುತ್ತೀರಿ. ನಿಮ್ಮ ತಂಡದ ಕೊನೆಯ ವ್ಯಕ್ತಿ ನಿಮ್ಮೆದುರು ಬೇಡ ಎನ್ನಬಲ್ಲನೆ ಎಂದು ಆಗಾಗ ಕೇಳಿಕೊಳ್ಳಿ. ಶಾಂತವಾದ ದಿನಗಳಲ್ಲಿ ನಿಮಗೆ ಬೇಡ ಎನ್ನಬಲ್ಲವನೇ, ಗಂಡಾಂತರದ ದಿನ ನೀವು ಕರೆದೆಡೆಗೆ ಬರುತ್ತಾನೆ.

ಈ ಸಲದ ದರಕು ಉದುರುವ ಮೊದಲು ನಿಮ್ಮೂರಿನ ಸಮಿತಿಯ ಸಭೆ ಕರೆಯಿರಿ. ಬೆಂಕಿ ಕಾವಲುಗಾರರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ.